ಕಿಡ್ನಿ ಕಲ್ಲಿನ ಆಪರೇಷನ್: ಖರ್ಚಿನ ಚೀಟಿಯನ್ನು ಓದುವ ಬಗೆ

ಕಿಡ್ನಿ ಕಲ್ಲು ತೆಗೆಸಲು ಎಷ್ಟಾಗುತ್ತದೆ ಎಂದು ಎರಡು ಆಸ್ಪತ್ರೆಗಳಲ್ಲಿ ವಿಚಾರಿಸಿದರೆ ಎರಡು ಮೊತ್ತ ಕೇಳಿಬರುತ್ತವೆ. ಕೆಲವೊಮ್ಮೆ ಒಂದು ಇನ್ನೊಂದರ ಅರ್ಧಕ್ಕೂ ಬರುವುದಿಲ್ಲ. ಹೆಚ್ಚು ಹೇಳಿದವರು ಸುಲಿಯುತ್ತಿದ್ದಾರೆ ಎಂದುಕೊಳ್ಳುವ ಮೊದಲು, ಇಬ್ಬರೂ ಒಂದೇ ಕೆಲಸಕ್ಕೆ ಬೆಲೆ ಹೇಳಿದರೇ ಎಂದು ನೋಡಬೇಕು. ಬಹಳಷ್ಟು ಸಲ ಹೇಳಿರುವುದಿಲ್ಲ. ಒಬ್ಬರದು ಓಟಿಯೊಳಗಿನ, ಅಂದರೆ ಆಪರೇಷನ್ ಕೊಠಡಿಯೊಳಗಿನ, ಒಂದು ಗಂಟೆಯ ಲೆಕ್ಕ. ಇನ್ನೊಬ್ಬರದು ಸ್ಟೆಂಟ್ (ಮೂತ್ರ ಇಳಿಯಲು ಒಳಗಿಡುವ ಕೊಳವೆ) ಹೊರಬಂದು ಕೊನೆಯ ಸ್ಕ್ಯಾನ್ ಆಗುವವರೆಗಿನ ಲೆಕ್ಕ.

ಕಲ್ಲು ಪೂರ್ತಿ ಹೋಗುವಷ್ಟರಲ್ಲಿ ನೀವು ಎಷ್ಟು ಸಲ ಓಟಿಗೆ ಹೋಗಬೇಕಾಗುತ್ತದೆ? ಒಟ್ಟು ಖರ್ಚನ್ನು ಎಳೆಯುವುದು ಆ ಸಂಖ್ಯೆ. ಅದನ್ನು ಮೊದಲೇ ಅಂದಾಜು ಮಾಡುವ ದಾರಿ ಇಲ್ಲಿದೆ.

ಹಂತ 1: ಸ್ಕ್ಯಾನ್ ಮತ್ತು ಮೂತ್ರ ಪರೀಕ್ಷೆಯ ವರದಿಯಿಂದ ಐದು ಸಂಗತಿ ಬರೆದುಕೊಳ್ಳಿ

ದರ ವಿಚಾರಿಸುವ ಮೊದಲೇ ಇವು ಕೈಯಲ್ಲಿರಬೇಕು: ಕಲ್ಲಿನ ಗಾತ್ರ ಮಿಲಿಮೀಟರಿನಲ್ಲಿ, ಅದು ಕೂತಿರುವ ಜಾಗ, ಅದರ ಗಟ್ಟಿತನ, ಕಿಡ್ನಿ ಊದಿಕೊಂಡಿದೆಯೇ ಎಂಬುದು, ಮೂತ್ರದಲ್ಲಿ ಸೋಂಕು ಇದೆಯೇ ಎಂಬುದು.

ಮೊದಲ ನಾಲ್ಕನ್ನು ಒಟ್ಟಿಗೆ ಕೊಡುವುದು ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಲು ಕೊಡುವ ಔಷಧಿ) ಹಾಕದ ಸಿಟಿ ಸ್ಕ್ಯಾನ್. ವರದಿಯಲ್ಲಿ ಇದನ್ನು ಎನ್‌ಸಿಸಿಟಿ ಕೆಯುಬಿ ಎಂದು ಬರೆದಿರುತ್ತಾರೆ. ಅಲ್ಟ್ರಾಸೌಂಡ್ ಅಗ್ಗ, ವಿಕಿರಣವೂ ಇಲ್ಲ. ಆದರೆ ಸಣ್ಣ ಕಲ್ಲನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸುವುದು ಅದರ ಅಭ್ಯಾಸ, ಮೂತ್ರನಾಳದ (ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳ) ನಡುಭಾಗದಲ್ಲಿ ಸಿಕ್ಕಿಕೊಂಡ ಕಲ್ಲು ಅದರ ಕಣ್ಣಿಗೆ ಬೀಳದೆಯೂ ಇರಬಹುದು. 5 ಮಿ.ಮೀ. ಕಲ್ಲನ್ನು 8 ಎಂದು ಓದಿ ಆಪರೇಷನ್ ನಿಶ್ಚಯಿಸಿದರೆ ಸ್ಕ್ಯಾನಿನಲ್ಲಿ ಉಳಿಸಿದ ಹಣ ಬೇರೆ ದಾರಿಯಲ್ಲಿ ಹೋಗುತ್ತದೆ.

ಗಟ್ಟಿತನವನ್ನು ಸಿಟಿ ವರದಿ ಎಚ್‌ಯು ಎಂಬ ಅಳತೆಯಲ್ಲಿ ಕೊಡುತ್ತದೆ. ಸಾಮಾನ್ಯವಾಗಿ 500ಕ್ಕಿಂತ ಕಡಿಮೆ ಇದ್ದರೆ ಮೆದು, 1000 ದಾಟಿದರೆ ಗಟ್ಟಿ. ವರದಿಯಲ್ಲಿ ಈ ಸಂಖ್ಯೆ ಬರೆದಿಲ್ಲದಿದ್ದರೆ ರೇಡಿಯಾಲಜಿಸ್ಟ್ ಅದೇ ಚಿತ್ರದಿಂದ ಅಳೆದು ಹೇಳಬಲ್ಲರು, ಹೊಸ ಸ್ಕ್ಯಾನ್ ಬೇಕಿಲ್ಲ. ಹಾಗೆಯೇ ಮುದ್ರಿಸಿದ ವರದಿಯ ಜೊತೆಗೆ ಸ್ಕ್ಯಾನಿನ ಡಿಜಿಟಲ್ ಚಿತ್ರಗಳನ್ನು ಸಿಡಿಯಲ್ಲೋ ಲಿಂಕ್ ಮೂಲಕವೋ ತೆಗೆದುಕೊಳ್ಳಿ. ಎರಡನೇ ಅಭಿಪ್ರಾಯಕ್ಕೆ ಹೋದಾಗ ವೈದ್ಯರು ನೋಡಬಯಸುವುದು ಚಿತ್ರವನ್ನು. ಅದಿಲ್ಲದಿದ್ದರೆ ಇನ್ನೊಂದು ಸಿಟಿ, ಇನ್ನೊಂದು ಬಿಲ್.

ಗಾತ್ರದ ವಿಚಾರದಲ್ಲಿ ಒಂದು ಲೆಕ್ಕ ನೆನಪಿಡಿ. 20 ಮಿ.ಮೀ. ಕಲ್ಲು 10 ಮಿ.ಮೀ. ಕಲ್ಲಿನ ಎರಡರಷ್ಟಲ್ಲ. ಅಡ್ಡಳತೆ ಇಮ್ಮಡಿಯಾದರೆ ಒಳಗಿನ ದ್ರವ್ಯ ಎಂಟು ಪಟ್ಟಾಗುತ್ತದೆ. ಲೇಸರ್ ಪುಡಿ ಮಾಡಬೇಕಾದದ್ದು ಆ ಎಂಟು ಪಟ್ಟನ್ನು. ದೊಡ್ಡ ಕಲ್ಲಿನ ಬಿಲ್ ಧುತ್ತನೆ ಏರುವುದಕ್ಕೆ ಮುಖ್ಯ ಕಾರಣ ಇದೇ.

ಹಂತ 2: ಆಪರೇಷನ್ ಬೇಕೇ ಎಂದು ಮೊದಲು ಕೇಳಿ

ಮೂತ್ರನಾಳಕ್ಕೆ ಇಳಿದ 5 ಮಿ.ಮೀ. ಒಳಗಿನ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊರಬೀಳುತ್ತವೆ. 5ರಿಂದ 10 ಮಿ.ಮೀ. ನಡುವಿನವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ನೋವು ಮಾತ್ರೆಗೆ ಬಗ್ಗುತ್ತಿದ್ದರೆ, ಜ್ವರ ಇಲ್ಲದಿದ್ದರೆ, ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವ ರಕ್ತಪರೀಕ್ಷೆ) ಸರಿಯಿದ್ದರೆ ನಾಲ್ಕರಿಂದ ಆರು ವಾರ ಕಾಯುವುದು ಒಪ್ಪಿತವಾದ ಕ್ರಮ. ಮೂತ್ರನಾಳದ ಕೆಳತುದಿಗೆ ಬಂದ 5 ಮಿ.ಮೀ.ಗಿಂತ ದೊಡ್ಡ ಕಲ್ಲಿಗೆ ಟ್ಯಾಮ್ಸುಲೋಸಿನ್ ಎಂಬ ಮಾತ್ರೆ ಕೊಡುವುದುಂಟು. ಅದು ನಾಳದ ಬಿಗಿತ ಸಡಿಲಿಸುತ್ತದೆ. ಕಿಡ್ನಿಯೊಳಗೇ ಸುಮ್ಮನೆ ಕೂತ, ತೊಂದರೆ ಕೊಡದ ಸಣ್ಣ ಕಲ್ಲನ್ನು ಆಗಾಗ ಸ್ಕ್ಯಾನ್ ಮಾಡಿಸುತ್ತಾ ನೋಡಿಕೊಂಡಿರುವುದೂ ಸರಿಯಾದ ಚಿಕಿತ್ಸೆಯೇ.

ಯೂರಿಕ್ ಆಸಿಡ್ ಕಲ್ಲಿನದು ಬೇರೆ ಕಥೆ. ಸಿಟಿಯಲ್ಲಿ ಕಾಣುತ್ತದೆ, ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಎಚ್‌ಯು ಕಡಿಮೆ, ಮೂತ್ರ ಆಮ್ಲೀಯ. ಈ ನಾಲ್ಕೂ ಕೂಡಿಬಂದರೆ ಅದು ಕರಗುವ ಜಾತಿಯ ಕಲ್ಲಾಗಿರುವ ಸಾಧ್ಯತೆ ಹೆಚ್ಚು. ಪೊಟ್ಯಾಸಿಯಂ ಸಿಟ್ರೇಟ್‌ನಂಥ ಔಷಧಿಯಿಂದ ಮೂತ್ರದ ಪಿಎಚ್ಚನ್ನು (ಆಮ್ಲೀಯತೆಯ ಅಳತೆ; ಆಮ್ಲ ಹೆಚ್ಚಿದಷ್ಟೂ ಇದು ಕಡಿಮೆ) 6.5ರಿಂದ 7ರ ಆಸುಪಾಸಿಗೆ ತಂದು ಹಿಡಿದರೆ ವಾರ-ತಿಂಗಳುಗಳಲ್ಲಿ ಕರಗುತ್ತದೆ. ಪಕ್ಕದ ಮನೆಯವರ ಕಲ್ಲು ಕರಗಿತೆಂದು ನಿಮ್ಮದೂ ಕರಗುತ್ತದೆ ಎಂದೇನಿಲ್ಲ: ಹೆಚ್ಚಿನವರಲ್ಲಿ ಇರುವುದು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು, ಅದನ್ನು ಕರಗಿಸುವ ಔಷಧಿ ಇಲ್ಲ. ಪುಡಿ, ಕಷಾಯಗಳಿಗೆ ತಿಂಗಳುಗಟ್ಟಲೆ ಸುರಿಯುವ ಹಣವನ್ನೂ ಖರ್ಚಿನ ಲೆಕ್ಕಕ್ಕೆ ಸೇರಿಸಿಯೇ ನೋಡಬೇಕು.

ಕಾಯಬಾರದ ಸಂದರ್ಭಗಳಿವೆ. ಕಲ್ಲಿನ ನೋವಿನ ಜೊತೆ ಚಳಿಜ್ವರ, ಮೂತ್ರ ನಿಂತುಹೋಗುವುದು, ಇರುವುದೊಂದೇ ಕಿಡ್ನಿಯ ದಾರಿ ಮುಚ್ಚಿರುವುದು, ಎರಡೂ ಕಡೆ ತಡೆ. ಇಂಥಲ್ಲಿ ದರ ಹೋಲಿಸುತ್ತಾ ಕೂರದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಅಲ್ಲಿಯೂ ಮೊದಲು ಮಾಡುವುದು ಕಲ್ಲು ತೆಗೆಯುವ ಕೆಲಸವಲ್ಲ. ಸ್ಟೆಂಟ್ ಹಾಕಿಯೋ ಬೆನ್ನಿನಿಂದ ನಳಿಕೆ ಇಟ್ಟೋ ತಡೆದ ಮೂತ್ರವನ್ನು ಹೊರಬಿಡುತ್ತಾರೆ. ಸೋಂಕು ಇಳಿದ ಮೇಲೆ, ದಿನಗಳೋ ವಾರಗಳೋ ಕಳೆದು, ಕಲ್ಲಿನ ಆಪರೇಷನ್. ಎರಡು ದಾಖಲಾತಿ, ಎರಡು ಬಿಲ್. ಸೋಂಕಿರುವಾಗಲೇ ಕಲ್ಲು ಒಡೆದರೆ ರೋಗಾಣು ರಕ್ತಕ್ಕೆ ನುಗ್ಗಿ ಜೀವಕ್ಕೇ ಅಪಾಯ, ಆದ್ದರಿಂದ ಈ ಎರಡನೇ ಬಿಲ್ಲಿನ ಬಗ್ಗೆ ಜಗಳಕ್ಕೆ ಹೋಗಬೇಡಿ.

ಹಂತ 3: ಯಾವ ವಿಧಾನ, ಅದರಲ್ಲಿ ಹಣ ಎಲ್ಲಿ ಹೋಗುತ್ತದೆ

ಹೊರಗಿನಿಂದ ಆಘಾತ ತರಂಗ ಕಳಿಸಿ ಒಡೆಯುವುದು ಇಎಸ್‌ಡಬ್ಲ್ಯುಎಲ್, ಜನರ ಬಾಯಲ್ಲಿ ಲಿಥೋಟ್ರಿಪ್ಸಿ. ಕೊಯ್ಯುವುದಿಲ್ಲ, ಬಹುಪಾಲು ಅದೇ ದಿನ ಮನೆಗೆ. ಖರ್ಚಿನ ದೊಡ್ಡ ಪಾಲು ಯಂತ್ರದ ಬಾಡಿಗೆ. ಒಂದು ಸಿಟ್ಟಿಂಗ್‌ನಲ್ಲಿ ಸಾಮಾನ್ಯವಾಗಿ 2000ದಿಂದ 3000 ಆಘಾತಗಳು. ಚೂರುಗಳು ಮೂತ್ರದಲ್ಲಿ ತಾವೇ ಇಳಿಯಬೇಕು. ಕಲ್ಲು 1000 ಎಚ್‌ಯು ಮೀರಿದ್ದರೆ, ಕಿಡ್ನಿಯ ಕೆಳಮೂಲೆಯಲ್ಲಿದ್ದರೆ, ಚರ್ಮದಿಂದ ಕಲ್ಲಿಗೆ 10 ಸೆಂ.ಮೀ.ಗಿಂತ ಹೆಚ್ಚು ದೂರವಿದ್ದರೆ ಇದು ಸೋಲುವ ಸಂಭವ ಜಾಸ್ತಿ. ಗರ್ಭಿಣಿಯರಿಗೆ, ರಕ್ತಸ್ರಾವದ ತೊಂದರೆ ಇರುವವರಿಗೆ ಮಾಡುವಂತಿಲ್ಲ.

ಮೇಲ್ನೋಟಕ್ಕೆ ಅಗ್ಗವಾಗಿ ಕಾಣುವ ಈ ವಿಧಾನದಲ್ಲೇ ಲೆಕ್ಕ ತಪ್ಪುವುದು ಹೆಚ್ಚು. ಬರೀ ಉದಾಹರಣೆಗೆ, ಇದರ ಒಂದು ಸಿಟ್ಟಿಂಗ್‌ಗೆ 40 ಪಾಲು, ದುರ್ಬೀನು ಒಳಗೆ ತೂರಿಸಿ ಮಾಡುವ ಎಂಡೋಸ್ಕೋಪಿ ಆಪರೇಷನ್ನಿಗೆ 100 ಪಾಲು ಖರ್ಚು ಎಂದಿಟ್ಟುಕೊಳ್ಳಿ. ಒಂದೇ ಸಿಟ್ಟಿಂಗ್‌ಗೆ ಮುಗಿದರೆ ಉಳಿತಾಯ 60. ಎರಡಾದರೆ ಒಟ್ಟು ಖರ್ಚೇ 80, ಜೊತೆಗೆ ನಡುವಿನ ಎಕ್ಸ್‌ರೇಗಳು. ಮೂರಾದರೆ 120. ಮೂರೂ ಆಗಿ ಕಲ್ಲು ಹಾಗೆಯೇ ಉಳಿದು ಕೊನೆಗೆ ಎಂಡೋಸ್ಕೋಪಿಯೇ ಬೇಕಾದರೆ 220. ಹಾಗಾಗಿ ಮೆದು, ಚಿಕ್ಕ, ಒಳ್ಳೆಯ ಜಾಗದ ಕಲ್ಲಿಗೆ ಮಾತ್ರ ಇದು ನಿಜಕ್ಕೂ ಅಗ್ಗ.

ಮೂತ್ರದ ದಾರಿಯಿಂದಲೇ ಸಣ್ಣ ದುರ್ಬೀನು ತೂರಿಸಿ ಮೂತ್ರನಾಳದ ಕಲ್ಲನ್ನು ಲೇಸರಿನಿಂದ ಒಡೆಯುವುದು ಯುಆರ್‌ಎಸ್. ಗಟ್ಟಿ ದುರ್ಬೀನು ಬಳಸುವುದರಿಂದ ಉಪಕರಣ ಬಾಳಿಕೆ ಬರುತ್ತದೆ. ಓಟಿಗೆ ಹೋಗುವ ಆಪರೇಷನ್‌ಗಳ ಪೈಕಿ ಇದೇ ಸಾಮಾನ್ಯವಾಗಿ ಹಗುರ.

ಅದೇ ದಾರಿಯಲ್ಲಿ, ಬಾಗುವ ದುರ್ಬೀನಿನಿಂದ ಕಿಡ್ನಿಯ ಒಳಗೇ ಹೋಗುವುದು ಆರ್‌ಐಆರ್‌ಎಸ್. ಇಲ್ಲಿ ಬಿಲ್ ಏರುವುದಕ್ಕೆ ಕಾರಣ ಶಸ್ತ್ರಚಿಕಿತ್ಸಕರ ಶುಲ್ಕಕ್ಕಿಂತ ಹೆಚ್ಚಾಗಿ ಉಪಕರಣ. ಸುಮಾರು 3 ಮಿ.ಮೀ. ದಪ್ಪದ ಆ ದುರ್ಬೀನು ಬಹಳ ನಾಜೂಕು. ಕೆಳಮೂಲೆಯ ಕಲ್ಲಿಗಾಗಿ ಪೂರ್ತಿ ಬಗ್ಗಿಸಿದಾಗ, ಲೇಸರ್ ತಂತಿ ಒಳಗಿನಿಂದ ತಾಗಿದಾಗ ಕೆಡುತ್ತದೆ, ದುರಸ್ತಿ ದುಬಾರಿ. ಆ ದುರಸ್ತಿ ವೆಚ್ಚವನ್ನು ಆಸ್ಪತ್ರೆ ಎಲ್ಲ ರೋಗಿಗಳ ಮೇಲೆ ಹಂಚುತ್ತದೆ, ಇಲ್ಲವೇ ಒಮ್ಮೆ ಬಳಸಿ ಎಸೆಯುವ ದುರ್ಬೀನು ತರಿಸಿ ಅದರ ಪೂರ್ತಿ ಬೆಲೆಯನ್ನು ನಿಮ್ಮ ಬಿಲ್ಲಿಗೆ ಹಾಕುತ್ತದೆ. ಇದಲ್ಲದೆ ದಾರಿ ಹಿಡಿಯುವ ಗೈಡ್‌ವೈರ್, ಮೂತ್ರನಾಳದಲ್ಲಿ ಕೂರಿಸುವ ಆಕ್ಸೆಸ್ ಶೀತ್, ಚೂರು ಹೆಕ್ಕುವ ಬಾಸ್ಕೆಟ್, ಲೇಸರ್ ಫೈಬರ್. ಯಾವ ಲೇಸರ್ ಎಂದು ಹೋಲ್ಮಿಯಂ, ಥೂಲಿಯಂ ಹೆಸರುಗಳನ್ನು ಹೇಳಿ ದರ ಬೇರೆ ಹೇಳುವುದುಂಟು. ಥೂಲಿಯಂ ಫೈಬರ್ ಲೇಸರ್ ಕಲ್ಲನ್ನು ಇನ್ನೂ ನಯವಾದ ಪುಡಿ ಮಾಡುತ್ತದೆ ನಿಜ, ಆದರೆ ಹೋಲ್ಮಿಯಂ ಕೂಡ ಎಲ್ಲ ಬಗೆಯ ಕಲ್ಲನ್ನೂ ಒಡೆಯುತ್ತದೆ. ಚಿಕ್ಕ ಕಲ್ಲಿಗೆ ಲೇಸರಿನ ಹೆಸರು ನೋಡಿ ಹೆಚ್ಚು ಹಣ ಕೊಡುವುದಕ್ಕಿಂತ ದುರ್ಬೀನು ಹಿಡಿಯುವ ಕೈಯನ್ನು ನೋಡಿ.

20 ಮಿ.ಮೀ. ಮೀರಿದ ಕಲ್ಲಿಗೆ ಬೆನ್ನಿನಿಂದ ಒಂದು ರಂಧ್ರ ಮಾಡಿ ಒಳಹೋಗುವ ಪಿಸಿಎನ್‌ಎಲ್ ಮೊದಲ ಆಯ್ಕೆ. ರಂಧ್ರ ಸುಮಾರು 1 ಸೆಂ.ಮೀ.; ಮಿನಿ ವಿಧಾನದಲ್ಲಿ ಅದಕ್ಕಿಂತ ಚಿಕ್ಕದು. ಪೂರ್ತಿ ಅರಿವಳಿಕೆ, ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್ ನೆರವು, ಎರಡು ಮೂರು ದಿನ ಆಸ್ಪತ್ರೆವಾಸ. ಆರ್‌ಐಆರ್‌ಎಸ್‌ನಲ್ಲಿ ಗಾಯವಿಲ್ಲ ಎಂಬ ಕಾರಣಕ್ಕೆ ದೊಡ್ಡ ಕಲ್ಲಿಗೂ ಅದನ್ನೇ ಕೇಳುವವರಿದ್ದಾರೆ. ಮಾಡಬಹುದು. ಆದರೆ ಸೋಂಕಿನ ಅಪಾಯದಿಂದಾಗಿ ಒಂದು ಸಲಕ್ಕೆ ಒಂದೂವರೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಒಳಗಿರಲು ವೈದ್ಯರು ಬಯಸುವುದಿಲ್ಲ; ಮೇಲೆ ಹೇಳಿದ ಎಂಟು ಪಟ್ಟಿನ ಲೆಕ್ಕ ಇಲ್ಲಿ ಎದುರಾಗಿ, ಎರಡು ಸಿಟ್ಟಿಂಗ್ ಬೇಕಾಗಬಹುದು. ಒಂದು ಪಿಸಿಎನ್‌ಎಲ್‌ಗೆ ಎದುರಾಗಿ ಎರಡು ಆರ್‌ಐಆರ್‌ಎಸ್ ಇಟ್ಟು ಹೋಲಿಸಿ.

ತೆರೆದ ಆಪರೇಷನ್ ಈಗ ಅಪರೂಪ.

ಹಂತ 4: ಎಸ್ಟಿಮೇಟನ್ನು ಸಾಲುಸಾಲಾಗಿ ಬಿಡಿಸಿ

ಒಂದೇ ಮೊತ್ತ ಬರೆದ ಚೀಟಿಯನ್ನು ಒಪ್ಪಬೇಡಿ. ವಿವರ ಕೇಳುವುದು ನಿಮ್ಮ ಹಕ್ಕು, ಬಿಲ್ಲಿಂಗ್ ಕೌಂಟರಿನವರಿಗೆ ಅದು ಹೊಸದೂ ಅಲ್ಲ. ಈ ಸಾಲುಗಳು ಒಳಗಿವೆಯೋ ಹೊರಗಿವೆಯೋ ಎಂದು ಒಂದೊಂದಾಗಿ ಗುರುತು ಹಾಕಿಸಿ:

– ಆಪರೇಷನ್‌ಗೆ ಮೊದಲಿನ ಪರೀಕ್ಷೆ: ರಕ್ತ, ಕ್ರಿಯಾಟಿನಿನ್, ರಕ್ತ ಹೆಪ್ಪುಗಟ್ಟುವಿಕೆ, ಮೂತ್ರದ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ), ಇಸಿಜಿ, ಎದೆಯ ಎಕ್ಸ್‌ರೇ
– ಶಸ್ತ್ರಚಿಕಿತ್ಸಕರು ಮತ್ತು ಅರಿವಳಿಕೆ ವೈದ್ಯರ ಶುಲ್ಕ, ಬೇರೆ ಬೇರೆಯಾಗಿ
– ಓಟಿ ಬಾಡಿಗೆ: ಇಡಿಯಾಗಿ ಒಂದು ದರವೋ, ಗಂಟೆ ಲೆಕ್ಕವೋ
– ಲೇಸರ್ ಬಾಡಿಗೆ, ದುರ್ಬೀನಿನ ಶುಲ್ಕ
– ಬಳಸಿ ಎಸೆಯುವ ಸಾಮಗ್ರಿ: ಗೈಡ್‌ವೈರ್, ಶೀತ್, ಬಾಸ್ಕೆಟ್, ಫೈಬರ್, ಸ್ಟೆಂಟ್
– ಎಷ್ಟು ದಿನದ ರೂಮು, ಒಂದು ದಿನ ಹೆಚ್ಚಾದರೆ ಎಷ್ಟು
– ಔಷಧಿ, ಆ್ಯಂಟಿಬಯಾಟಿಕ್
– ಸ್ಟೆಂಟ್ ತೆಗೆಯುವುದು, ಕಲ್ಲಿನ ಪರೀಕ್ಷೆ, ಮರುಭೇಟಿ, ನಂತರದ ಸ್ಕ್ಯಾನ್

ಕೊನೆಯ ಸಾಲು ಪ್ಯಾಕೇಜಿನಿಂದ ಬಹಳ ಸಲ ಹೊರಗೇ ಇರುತ್ತದೆ. ಕೆಲವು ಆಸ್ಪತ್ರೆಗಳಲ್ಲಿ ರೂಮಿನ ದರ್ಜೆ ಏರಿದಂತೆ ಶಸ್ತ್ರಚಿಕಿತ್ಸಕರ ಶುಲ್ಕ, ಓಟಿ ಬಾಡಿಗೆಗಳೂ ಏರುತ್ತವೆ. ಒಂದು ರಾತ್ರಿ ಉಳಿಯುವ ಆಪರೇಷನ್‌ಗೆ ದೊಡ್ಡ ರೂಮು ತೆಗೆದುಕೊಂಡವರು ರೂಮಿನ ವ್ಯತ್ಯಾಸವನ್ನಷ್ಟೇ ಲೆಕ್ಕ ಹಾಕಿ, ಬಿಲ್ ಬಂದಾಗ ಬೆಚ್ಚುವುದು ಇದರಿಂದ.

ಎರಡೂ ಕಿಡ್ನಿಯಲ್ಲಿ ಕಲ್ಲಿದ್ದರೆ ಒಂದೇ ಅರಿವಳಿಕೆಯಲ್ಲಿ ಎರಡೂ ಕಡೆ ಮಾಡಲಾಗುತ್ತದೆಯೇ ಎಂದು ಕೇಳಿ. ವೈದ್ಯಕೀಯವಾಗಿ ಸರಿಹೊಂದಿದರೆ ಅರಿವಳಿಕೆ, ರೂಮು, ಪರೀಕ್ಷೆಗಳು ಒಂದೇ ಸಲಕ್ಕೆ ಮುಗಿಯುತ್ತವೆ.

ಹಂತ 5: ಸ್ಟೆಂಟಿನ ಲೆಕ್ಕ ಪ್ರತ್ಯೇಕವಾಗಿ ಇಡಿ

ಡಿಜೆ ಸ್ಟೆಂಟ್ ಎಂದರೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ, ಎರಡೂ ತುದಿ ಸುರುಳಿಯಾದ ಮೆತ್ತನೆಯ ಕೊಳವೆ. ಆಪರೇಷನ್ ನಂತರ ನಾಳ ಊದಿ ಮುಚ್ಚಿಕೊಳ್ಳದಿರಲಿ ಎಂದು ಇಡುತ್ತಾರೆ. ಸರಾಗವಾಗಿ ಮುಗಿದ ಯುಆರ್‌ಎಸ್‌ಗೆ ಅದು ಯಾವಾಗಲೂ ಬೇಕೇ ಬೇಕು ಎಂದಿಲ್ಲ. ಆ ತೀರ್ಮಾನವನ್ನು ಶಸ್ತ್ರಚಿಕಿತ್ಸಕರು ಓಟಿಯಲ್ಲೇ ಮಾಡುತ್ತಾರೆ. ಇಟ್ಟರೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರ. ಪದೇ ಪದೇ ಮೂತ್ರಕ್ಕೆ ಅವಸರ, ಸ್ವಲ್ಪ ರಕ್ತ, ಮೂತ್ರ ಮಾಡುವಾಗ ಪಕ್ಕೆಯಲ್ಲಿ ಎಳೆತ ಇವು ಬಹಳ ಜನರಿಗೆ ಆಗುತ್ತವೆ. ಇವಕ್ಕೆ ಹೆದರಿ ಮತ್ತೆ ಸ್ಕ್ಯಾನಿಗೆ ಓಡುವ ಅಗತ್ಯವಿಲ್ಲ. ಜ್ವರ ಬಂದರೆ ಮಾತ್ರ ತಡಮಾಡಬೇಡಿ.

ತೆಗೆಯುವುದು ಐದು ಹತ್ತು ನಿಮಿಷದ ಕೆಲಸ, ಮರಗಟ್ಟಿಸುವ ಜೆಲ್ ಹಾಕಿ ಮೂತ್ರಕೋಶದ ದುರ್ಬೀನಿನಿಂದ. ಇದನ್ನೇ ಓಟಿಯಲ್ಲಿ ಪೂರ್ತಿ ಅರಿವಳಿಕೆ ಕೊಟ್ಟು ಮಾಡಿದರೆ ಖರ್ಚು ಹಲವು ಪಟ್ಟು. ಹೊರರೋಗಿಯಾಗಿ ಸಾಧ್ಯವೇ ಎಂದು ಮುಂಚೆಯೇ ಕೇಳಿ. ಕೆಲವೇ ದಿನಕ್ಕೆ ಇಡುವ ಸ್ಟೆಂಟಿಗೆ ದಾರ ಬಿಟ್ಟಿರುವುದೂ ಉಂಟು. ಅದನ್ನು ದುರ್ಬೀನಿಲ್ಲದೆ ಎಳೆದು ತೆಗೆಯಬಹುದು, ಆ ಖರ್ಚೇ ಇಲ್ಲ.

ಕಿಡ್ನಿ ಕಲ್ಲಿನ ಬಿಲ್‌ಗಳಲ್ಲಿ ಅತ್ಯಂತ ಅನಗತ್ಯವಾದದ್ದು ಮರೆತ ಸ್ಟೆಂಟಿನದು. ನೋವು ಕಡಿಮೆಯಾದ ಮೇಲೆ ಜನ ಮರೆಯುತ್ತಾರೆ. ಮೂರು ತಿಂಗಳು ದಾಟಿತೆಂದರೆ ಅದರ ಮೈಮೇಲೇ ಕಲ್ಲು ಕಟ್ಟತೊಡಗುತ್ತದೆ. ವರ್ಷ ಕಳೆದರೆ ಎರಡು ಸುರುಳಿಗಳೂ ಕಲ್ಲಾಗಿ, ಮೇಲಿಂದ ಪಿಸಿಎನ್‌ಎಲ್, ಕೆಳಗಿನಿಂದ ಲೇಸರ್ ಎರಡೂ ಬೇಕಾಗಬಹುದು. ಕಿಡ್ನಿಯೇ ಹೋದ ಉದಾಹರಣೆಗಳೂ ಇವೆ. ಡಿಸ್ಚಾರ್ಜ್ ಚೀಟಿಯಲ್ಲಿ ಸ್ಟೆಂಟ್ ಇದೆಯೇ, ಯಾವ ಕಡೆ, ಯಾವ ತಾರೀಖಿಗೆ ತೆಗೆಯಬೇಕು ಎಂದು ಬರೆಸಿಕೊಂಡು ಮನೆಯವರಿಬ್ಬರ ಫೋನಿನಲ್ಲಿ ಅಲಾರಂ ಇಡಿ.

ಹಂತ 6: ಅಂದಾಜು ಕೆಡುವ ಸಂದರ್ಭಗಳಿಗೆ ಮೀಸಲು ಇಡಿ

ಮೂತ್ರನಾಳ ಕಿರಿದಾಗಿರುವುದು ಸಾಮಾನ್ಯ ಕಾರಣಗಳಲ್ಲಿ ಒಂದು. ದುರ್ಬೀನು ಹೋಗುವುದಿಲ್ಲ. ಬಲವಂತ ಮಾಡಿದರೆ ನಾಳ ಹರಿಯುತ್ತದೆ. ಒಳ್ಳೆಯ ವೈದ್ಯರು ಸ್ಟೆಂಟ್ ಇಟ್ಟು ಹೊರಬರುತ್ತಾರೆ. ಒಂದೆರಡು ವಾರದಲ್ಲಿ ನಾಳ ತಾನಾಗಿ ಹಿಗ್ಗಿದ ಮೇಲೆ ಮತ್ತೆ ಆಪರೇಷನ್. "ಒಳಗೆ ಹೋಗಲಾಗದೆ ವಾಪಸ್ ಬಂದರೆ ಎಷ್ಟು ತೆಗೆದುಕೊಳ್ಳುತ್ತೀರಿ, ಎರಡನೇ ಸಲ ಪೂರ್ತಿ ದರವೇ?" ಎಂಬ ಪ್ರಶ್ನೆಯನ್ನು ಮುಜುಗರವಿಲ್ಲದೆ ಕೇಳಿ. ದುರ್ಬೀನು ಹಾಕಿದಾಗ ಕೀವು ಕಂಡರೂ ಹೀಗೆಯೇ ನಿಲ್ಲಿಸುತ್ತಾರೆ.

ಮೂತ್ರದ ಕಲ್ಚರ್ ವರದಿ ಬರಲು ಎರಡು ಮೂರು ದಿನ ಬೇಕು. ದಾಖಲಾದ ಮೇಲೆ ಮಾಡಿಸಿದರೆ ಆ ದಿನಗಳ ರೂಮು ಬಾಡಿಗೆ ನಿಮ್ಮದು. ಒಂದು ವಾರ ಮೊದಲೇ ಹೊರಗಿನಿಂದ ಮಾಡಿಸಿ, ಸೋಂಕಿದ್ದರೆ ಔಷಧಿ ಮುಗಿಸಿ ಬನ್ನಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲ ಭೇಟಿಯಲ್ಲೇ ಹೇಳಬೇಕು, ಹೃದಯದ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಕೊನೆಗಳಿಗೆಯಲ್ಲಿ ಹೇಳಿದರೆ ಆಪರೇಷನ್ ಮುಂದೂಡಿಕೆ, ಪರೀಕ್ಷೆಗಳು ಮತ್ತೊಮ್ಮೆ.

ಲಿಥೋಟ್ರಿಪ್ಸಿ ನಂತರ ಚೂರುಗಳು ಸಾಲಾಗಿ ನಾಳದಲ್ಲಿ ಜಾಮ್ ಆಗಬಹುದು, ಆಗ ಯುಆರ್‌ಎಸ್. ಪಿಸಿಎನ್‌ಎಲ್‌ನಲ್ಲಿ ರಕ್ತಸ್ರಾವವಾಗಿ ರಕ್ತ ಕೊಡಬೇಕಾಗಬಹುದು. ವಿರಳವಾಗಿ, ಒಸರುವ ರಕ್ತನಾಳವನ್ನು ಒಳಗಿನಿಂದ ಮುಚ್ಚುವ ಎಂಬೊಲೈಸೇಷನ್ ಬೇಕಾಗುತ್ತದೆ. ಯಾವುದರ ನಂತರವೂ ಸೋಂಕು ರಕ್ತಕ್ಕೇರಿದರೆ ಐಸಿಯು. ಇವು ನಡೆಯುವುದು ಕಡಿಮೆ, ನಡೆದಾಗ ಬಿಲ್ ಪ್ಯಾಕೇಜಿನ ಹಲವು ಪಟ್ಟಾಗಬಹುದು. ತುರ್ತು ಸಂದರ್ಭದಲ್ಲಿ ರಕ್ತ ಮತ್ತು ಐಸಿಯು ಆ ಆಸ್ಪತ್ರೆಯಲ್ಲೇ ಇವೆಯೇ ಎಂಬುದು ಎರಡು ಎಸ್ಟಿಮೇಟುಗಳ ನಡುವಿನ ನಿಜವಾದ ವ್ಯತ್ಯಾಸವಾಗಿರಬಹುದು.

ಹಂತ 7: ವಿಮೆ ಇದ್ದರೆ

ಪಾಲಿಸಿಯಲ್ಲಿ ಕಿಡ್ನಿ ಕಲ್ಲಿಗೆ ಕಾಯುವ ಅವಧಿ (ಪಾಲಿಸಿ ಕೊಂಡ ಮೇಲೆ ಇಷ್ಟು ಕಾಲ ಹಣ ಸಿಗದೆಂಬ ಷರತ್ತು) ಇದೆಯೇ ಎಂಬುದನ್ನು ಮೊದಲು ನೋಡಿ. ಬಹಳ ಪಾಲಿಸಿಗಳಲ್ಲಿ ಇರುತ್ತದೆ. ಮುಂಗಡ ಅನುಮತಿ ಬೇಕೇ, ನಿಮ್ಮ ಪಾಲು ಎಷ್ಟು ಶೇಕಡ, ಈ ಆಪರೇಷನ್‌ಗೆ ಮಿತಿ ಇದೆಯೇ ಎಂದು ಬರಹದಲ್ಲಿ ಕೇಳಿ. ರೂಮು ಬಾಡಿಗೆಗೆ ಮಿತಿ ಇರುವ ಪಾಲಿಸಿಗಳಲ್ಲಿ ಅದನ್ನು ಮೀರಿದ ರೂಮು ತೆಗೆದುಕೊಂಡರೆ ಉಳಿದ ಬಿಲ್ಲನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುವುದುಂಟು. ಬಳಸಿ ಎಸೆಯುವ ಸಾಮಗ್ರಿಯನ್ನು ಕೆಲವರು ಕೊಡುವುದಿಲ್ಲ, ಆರ್‌ಐಆರ್‌ಎಸ್‌ನಲ್ಲಿ ಅದೇ ದೊಡ್ಡ ಭಾಗ ಎಂಬುದು ನೆನಪಿರಲಿ. ಎರಡನೇ ಸಿಟ್ಟಿಂಗ್ ಹೊಸ ಕ್ಲೇಮೋ ಹಳೆಯದರ ಮುಂದುವರಿಕೆಯೋ, ಹೊರರೋಗಿಯಾಗಿ ಸ್ಟೆಂಟ್ ತೆಗೆದರೆ ಹಣ ಸಿಗುತ್ತದೆಯೋ ಇಲ್ಲವೋ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗದೆ ದಾಖಲಾಗಬೇಡಿ.

ಹಂತ 8: ಒಂದೇ ತಕ್ಕಡಿಯಲ್ಲಿ ತೂಗಿ

ಈಗ ಪ್ರತಿ ಆಸ್ಪತ್ರೆಗೂ ಒಂದೇ ಪ್ರಶ್ನೆ ಇಡಿ: "ಈ ಗಾತ್ರದ, ಈ ಜಾಗದ ಕಲ್ಲು ಒಂದೇ ಸಲಕ್ಕೆ ಪೂರ್ತಿ ಹೋಗುವ ಸಾಧ್ಯತೆ ನಿಮ್ಮ ಕೈಯಲ್ಲಿ ಎಷ್ಟು? ಹೋಗದಿದ್ದರೆ ಮುಂದೇನು, ಅದಕ್ಕೆಷ್ಟು?" ನೂರಕ್ಕೆ ನೂರು ಎಂದವರಿಗಿಂತ, ಕೆಳಮೂಲೆಯಾದ್ದರಿಂದ ಚೂರು ಉಳಿಯಬಹುದು ಎಂದವರನ್ನು ಹೆಚ್ಚು ನಂಬಬಹುದು. ಉಳಿದಿದೆಯೋ ಇಲ್ಲವೋ ಎಂದು ಯಾವ ಸ್ಕ್ಯಾನಿನಿಂದ ನೋಡುತ್ತಾರೆ ಎಂದೂ ಕೇಳಿ. ಅಲ್ಟ್ರಾಸೌಂಡಿನಲ್ಲಿ ಕಾಣದ ಚೂರು ಸಿಟಿಯಲ್ಲಿ ಕಾಣುತ್ತದೆ.

ಕೂಡಿಸುವಾಗ ಕೆಲಸಕ್ಕೆ ಹೋಗಲಾಗದ ದಿನಗಳು, ಜೊತೆಗಿರುವವರ ಓಡಾಟ ಇವನ್ನೂ ಸೇರಿಸಿ. ಮೂರು ಸಲ ಬಂದುಹೋಗುವ ಅಗ್ಗದ ಚಿಕಿತ್ಸೆಗೆ ಇದೇ ಹೊರೆ.

ಹಂತ 9: ಕಲ್ಲಿನ ಚೂರನ್ನು ಎಸೆಯಬೇಡಿ

ಒಮ್ಮೆ ಕಲ್ಲಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹತ್ತು ವರ್ಷದೊಳಗೆ ಮತ್ತೆ ಆಗುತ್ತದೆ. ಹೊರತೆಗೆದ ಚೂರನ್ನು ಪರೀಕ್ಷೆಗೆ ಕಳಿಸಲು ಆಪರೇಷನ್‌ಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಅದು ಓಟಿಯ ಕಸದಲ್ಲಿ ಸೇರುತ್ತದೆ. ಲೇಸರ್ ಪೂರ್ತಿ ಪುಡಿ ಮಾಡುವುದಾದರೆ ಒಂದು ಚೂರನ್ನಾದರೂ ಉಳಿಸಿಕೊಡಲು ಕೇಳಿ. ಮನೆಯಲ್ಲಿ ಕಲ್ಲು ಬೀಳುವುದಾದರೆ ಮೂತ್ರವನ್ನು ತೆಳು ಬಟ್ಟೆಯಲ್ಲೋ ಟೀ ಸೋಸುವ ಜರಡಿಯಲ್ಲೋ ಸೋಸಿ, ಸಿಕ್ಕಿದ್ದನ್ನು ಒಣಗಿಸಿ ಚಿಕ್ಕ ಡಬ್ಬಿಯಲ್ಲಿ ಹಾಕಿಡಿ, ಫಾರ್ಮಲಿನ್ (ಮಾದರಿ ಕೆಡದಂತೆ ಹಾಕುವ ದ್ರವ) ಬೇಡ. ಕಲ್ಲಿನ ಜಾತಿ ಗೊತ್ತಾದರೆ ಸಿಟ್ರೇಟ್ ಬೇಕೇ, ಉಪ್ಪು ಇಳಿಸಬೇಕೇ, ಮಾಂಸ ಕಡಿಮೆ ಮಾಡಬೇಕೇ ಎಂದು ವೈದ್ಯರು ಖಚಿತವಾಗಿ ಹೇಳಬಲ್ಲರು. ಪದೇ ಪದೇ ಆಗುವವರಿಗೆ, ಮಕ್ಕಳಿಗೆ, ಒಂದೇ ಕಿಡ್ನಿ ಇರುವವರಿಗೆ 24 ಗಂಟೆಯ ಮೂತ್ರ ಪರೀಕ್ಷೆಯೂ ಮಾಡಿಸಬೇಕಾದದ್ದೇ.

ನೀರಿನ ಲೆಕ್ಕವನ್ನು ಕುಡಿದ ಲೋಟಗಳಲ್ಲಿ ಹಿಡಿಯಬೇಡಿ, ಬಂದ ಮೂತ್ರದಲ್ಲಿ ಹಿಡಿಯಿರಿ: ದಿನಕ್ಕೆ ಎರಡೂವರೆ ಲೀಟರ್. ಬಿಸಿಲಲ್ಲಿ ಬೆವರುವ ಕೆಲಸದವರು ಅಷ್ಟು ಮೂತ್ರಕ್ಕೆ ಮೂರೂವರೆ ನಾಲ್ಕು ಲೀಟರ್ ನೀರು ಕುಡಿಯಬೇಕಾಗಬಹುದು. ಹೃದಯ ಅಥವಾ ಕಿಡ್ನಿಯ ದೌರ್ಬಲ್ಯ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಲಿ. ತಿಂಗಳಿಗೊಮ್ಮೆ ಯಾವುದಾದರೂ ಒಂದು ದಿನ ಅಳತೆಯ ಡಬ್ಬಿಯಲ್ಲಿ ಹಿಡಿದು ನೋಡಿದರೆ ಸಾಕು.